ನಕಲು ಬೇರೆ, ನಕಲಿ ಬೇರೆ: ಹರಿಹರದ ತಾಮ್ರ ಶಾಸನಗಳಿಂದ ಚರ್ಚಿನ ರಿಜಿಸ್ಟರ್‌ವರೆಗೆ



ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಿ ಬರುವವರು ನಮ್ಮ ಕರಾವಳಿಯಲ್ಲಿ ಅನೇಕರಿದ್ದಾರೆ. ದಾವಣಗೆರೆಯಿಂದ ಸ್ವಲ್ಪವೇ ದೂರದಲ್ಲಿರುವ ಈ ಊರು ಇನ್ನೊಂದು ಕಾರಣಕ್ಕೂ ಪ್ರಸಿದ್ಧ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇಲ್ಲಿದೆ. ಅದರ ಆವರಣದಲ್ಲಿ ಆಳೆತ್ತರದ ಶಿಲಾಶಾಸನಗಳು ನಿಂತಿವೆ. ಅವುಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಆದರೆ ಹರಿಹರದ ಹೆಸರಿಗೆ ಅಂಟಿಕೊಂಡಿರುವ ಕೆಲವು ತಾಮ್ರ ಶಾಸನಗಳ ಕಥೆ ಬೇರೆ. ಅವುಗಳಲ್ಲಿ ಒಂದು ಅಸಲು. ಇನ್ನು ಕೆಲವು ಖೊಟ್ಟಿ ಎಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಯಾವ ಆಧಾರದ ಮೇಲೆ ಹಾಗೆ ತೀರ್ಮಾನಿಸಿದರು ಎಂಬುದನ್ನು ತಿಳಿದರೆ, ನಮ್ಮ ಮನೆಯ ಪೆಟ್ಟಿಗೆಯಲ್ಲೋ ಚರ್ಚಿನ ಕಪಾಟಿನಲ್ಲೋ ಇರುವ ಹಳೆಯ ಕಾಗದವನ್ನು ನೋಡುವ ಬಗೆಯೂ ತಿಳಿಯುತ್ತದೆ.

ಧರ್ಮಕೇಂದ್ರದ ಕಚೇರಿಗೆ ಇಂತಹ ಕಾಗದಗಳು ಬರುವುದು ಹೊಸದೇನಲ್ಲ. ಅಜ್ಜನ ಕಾಲದ ಮೂಲಗೇಣಿ ಚೀಟು, ಸಾಗುವಳಿ ಚೀಟಿ, ಸಮಾಧಿಭೂಮಿಯ ಗಡಿ ಬರೆದ ಹಳೆಯ ಪತ್ರ, ಬೇರೆ ಊರಿನಿಂದ ತಂದ ದೀಕ್ಷಾಸ್ನಾನದ ಪ್ರಮಾಣಪತ್ರ, ಹೀಗೆ. ಅವುಗಳ ಮೇಲೆ ಒಂದು ಮನೆಯ ಜಾಗ ನಿಂತಿರಬಹುದು, ಒಂದು ಮದುವೆ ನಿಂತಿರಬಹುದು. ಸುಳ್ಳನ್ನು ನಿಜವೆಂದು ನಂಬಿದರೆ ಆಗುವ ಅನ್ಯಾಯ ಎಲ್ಲರಿಗೂ ಗೊತ್ತು. ನಿಜವನ್ನು ಸುಳ್ಳೆಂದು ತಳ್ಳಿಹಾಕಿದರೂ ಅಷ್ಟೇ ಅನ್ಯಾಯವಾಗುತ್ತದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಇಲ್ಲಿ ನಮ್ಮ ಭಾಷೆಯೇ ನಮ್ಮನ್ನು ಸ್ವಲ್ಪ ಗೊಂದಲಕ್ಕೆ ಸಿಕ್ಕಿಸುತ್ತದೆ. ತಾಲೂಕು ಕಚೇರಿಯಲ್ಲಿ ‘ನಕಲು’ ಎಂದರೆ ಪ್ರತಿ. ದೃಢೀಕೃತ ನಕಲು ನೂರಕ್ಕೆ ನೂರು ಗೌರವಸ್ಥ ಕಾಗದ. ಬೀದಿಯಲ್ಲಿ ‘ನಕಲಿ’ ಎಂದರೆ ಮೋಸ. ಒಂದು ಅಕ್ಷರದ ಈ ವ್ಯತ್ಯಾಸದಲ್ಲೇ ಅರ್ಧ ಜಗಳಗಳು ಹುಟ್ಟುತ್ತವೆ.

ಹರಿಹರದ ಮೂರು ಮಾತು

ಮೊದಲು ಅಸಲು ಶಾಸನ. ಬಾದಾಮಿ ಚಾಲುಕ್ಯ ದೊರೆ ವಿನಯಾದಿತ್ಯನ ಹರಿಹರ ತಾಮ್ರಪಟದಲ್ಲಿ ಶಕ ವರ್ಷ 616, ಅಂದರೆ ಕ್ರಿ.ಶ. 694 ಎಂದಿದೆ. ಆಳುವ ಅರಸನ ಬಿನ್ನಹದ ಮೇಲೆ ದೊರೆ ಕೊಟ್ಟ ದಾನ ಅದರಲ್ಲಿ ದಾಖಲಾಗಿದೆ. ಆಳುವರು, ಅಂದರೆ ಆಳುಪರು, ನಮ್ಮ ತುಳುನಾಡಿನ ಅರಸರು. ಕರಾವಳಿಯವರಿಗೆ ಇದು ಮನೆಯ ಸುದ್ದಿಯೇ ಸರಿ. ಈ ಪಟದ ಲಿಪಿ ಆ ಕಾಲದ್ದು. ದೊರೆಯ ವಂಶಾವಳಿ ಇತರ ಚಾಲುಕ್ಯ ಶಾಸನಗಳೊಂದಿಗೆ ಹೊಂದುತ್ತದೆ. ಚಾಲುಕ್ಯರಿಗೂ ಆಳುಪರಿಗೂ ಇದ್ದ ಸಂಬಂಧ ಬೇರೆ ಕಡೆಗಳಿಂದಲೂ ಗೊತ್ತಿರುವಂಥದು. ಯಾವ ಕಡೆಯಿಂದ ಪರೀಕ್ಷಿಸಿದರೂ ಅದು ನಿಲ್ಲುತ್ತದೆ.

ಎರಡನೆಯದೂ ಹರಿಹರದ ತಾಮ್ರ ಶಾಸನವೇ. ಗಂಗ ವಂಶದ್ದೆಂದು ಹೇಳಿಕೊಳ್ಳುವ ಇದು ತನ್ನ ಕಾಲವನ್ನು ಶಕ 272, ಅಂದರೆ ಕ್ರಿ.ಶ. 350 ಎನ್ನುತ್ತದೆ. ಜೆ.ಎಫ್. ಫ್ಲೀಟ್ ಇದನ್ನು ಖೊಟ್ಟಿ ಶಾಸನಗಳ ಪಟ್ಟಿಗೆ ಸೇರಿಸಿದರು. ಇಂದು ನಮಗೆ ಗೊತ್ತಿರುವ ಒಂದೇ ಸಂಗತಿ ಸಾಕು ಅನುಮಾನ ಹುಟ್ಟಿಸಲು: ಕರ್ನಾಟಕದಲ್ಲಿ ಶಕ ವರ್ಷವನ್ನು ಹೆಸರಿಸಿ ಬರೆದ, ನಂಬಲು ಅರ್ಹವಾದ ಅತಿ ಹಳೆಯ ಶಾಸನ ಬಾದಾಮಿಯ ಬಂಡೆಯ ಮೇಲಿದೆ. ಅದು ಒಂದನೆಯ ಪುಲಕೇಶಿಯದು, ಶಕ 465, ಅಂದರೆ ಕ್ರಿ.ಶ. 543. ಅದಕ್ಕಿಂತ ಸುಮಾರು ಇನ್ನೂರು ವರ್ಷ ಮೊದಲೇ ಹರಿಹರದಲ್ಲಿ ಮಾತ್ರ ಯಾರೋ ಶಕ ವರ್ಷ ಬರೆದರು ಎನ್ನಬೇಕಾದರೆ ಬಲವಾದ ಬೇರೆ ಸಾಕ್ಷಿ ಬೇಕು.

ಮೂರನೆಯದು ಸಿಕ್ಕಿದ್ದು ಹರಿಹರದಲ್ಲಲ್ಲ, ಆದರೆ ತಾನು ಹುಟ್ಟಿದ್ದು ಹರಿಹರದಲ್ಲಿ ಎನ್ನುತ್ತದೆ. ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರ, ಕುಪ್ಪಗಡ್ಡೆ, ಬೇಗೂರುಗಳಲ್ಲಿ ಮತ್ತು ತೀರ್ಥಹಳ್ಳಿ ಕಡೆಯ ಭೀಮನಕಟ್ಟೆ ಮಠದಲ್ಲಿ ದೊರೆತ ತಾಮ್ರ ಶಾಸನಗಳನ್ನು ಕೊಟ್ಟವನು ಬೇರೆ ಯಾರೂ ಅಲ್ಲ, ಪರೀಕ್ಷಿತನ ಮಗ ಜನಮೇಜಯ ಚಕ್ರವರ್ತಿ! ಹಸ್ತಿನಾಪುರದಲ್ಲಿ ಆಳುತ್ತಿದ್ದ, ಧ್ವಜದಲ್ಲಿ ಬಂಗಾರದ ವರಾಹವಿದ್ದ ಈ ಅರಸ ದಕ್ಷಿಣಕ್ಕೆ ದಿಗ್ವಿಜಯ ಯಾತ್ರೆ ಬಂದು, ತುಂಗಭದ್ರಾ ಮತ್ತು ಹರಿದ್ರಾ ನದಿಗಳ ಸಂಗಮದಲ್ಲಿ, ಹರಿಹರ ದೇವರ ಸನ್ನಿಧಿಯಲ್ಲಿ, ಸರ್ಪಯಾಗದ ಸಂದರ್ಭದಲ್ಲಿ ಭೂಮಿ ದಾನ ಮಾಡಿದನೆಂದು ಗೌಜ ಅಗ್ರಹಾರದ ಶಾಸನ ಹೇಳುತ್ತದೆ. ಭೀಮನಕಟ್ಟೆಯದು ಯುಧಿಷ್ಠಿರ ಶಕ 89 ಎನ್ನುತ್ತದೆ. ಲೆಕ್ಕ ಹಾಕಿದರೆ ಕ್ರಿ.ಪೂ. 3012.

ಸಂಗಮ ನಿಜ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಇಂದೂ ಸೇರುತ್ತದೆ. ದೇವರ ಹೆಸರೂ ನಿಜ, ದಾನದ ಹಳ್ಳಿಗಳೂ ಕಲ್ಪನೆಯವಲ್ಲ. ಖೊಟ್ಟಿ ಬರೆಯುವವನು ಎಲ್ಲವನ್ನೂ ಸುಳ್ಳು ಬರೆಯುವುದಿಲ್ಲ. ತನಗೆ ಬೇಕಾದ ಒಂದು ಸುಳ್ಳಿನ ಸುತ್ತ ಹತ್ತು ನಿಜಗಳನ್ನು ಪೋಣಿಸುತ್ತಾನೆ. ಅವನು ಸಿಕ್ಕಿಬೀಳುವುದು ತಾನು ಗಮನವನ್ನೇ ಕೊಡದ ಜಾಗದಲ್ಲಿ. ಇಲ್ಲಿ ಶಾಸನ ಇರುವುದು ನಾಗರಿ ಲಿಪಿಯಲ್ಲಿ. ಕರ್ನಾಟಕದಲ್ಲಿ ಕಾಲ ಖಚಿತವಾಗಿರುವ ಅತಿ ಹಳೆಯ ಬರಹಗಳೆಂದರೆ ಅಶೋಕನವು, ಕ್ರಿ.ಪೂ. ಮೂರನೆಯ ಶತಮಾನದವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದದ್ದು ಅವುಗಳಲ್ಲೊಂದು. ಅದರ ಲಿಪಿ ಬ್ರಾಹ್ಮಿ. ನಾಗರಿ ಹುಟ್ಟಿದ್ದು ಅದಕ್ಕೂ ಎಷ್ಟೋ ಶತಮಾನಗಳ ನಂತರ. ಬಂಗಾರದ ವರಾಹವಂತೂ ನಮ್ಮ ದಕ್ಷಿಣದ ಚಾಲುಕ್ಯರನ್ನು ನೆನಪಿಸುವ ಲಾಂಛನ.

ಕೋಲ್‌ಬ್ರೂಕ್ ಎಂಬ ಸಂಸ್ಕೃತ ವಿದ್ವಾಂಸರು 1807ರಷ್ಟು ಹಿಂದೆಯೇ ಈ ಶಾಸನವನ್ನು ನಂಬಲು ಹಿಂಜರಿದಿದ್ದರು. ಮುಂದೆ ಇನ್ನೊಂದು ಕುತೂಹಲದ ಪರೀಕ್ಷೆ ನಡೆಯಿತು. ಶಾಸನದಲ್ಲಿ ಹೇಳಿದ ಸೂರ್ಯಗ್ರಹಣದ ವಿವರಗಳನ್ನು ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿದಾಗ ಅದು 1521ರ ಏಪ್ರಿಲ್ 7, ಭಾನುವಾರಕ್ಕೆ ಬಂತು. ಅಂದರೆ ವಿಜಯನಗರದ ಕೃಷ್ಣದೇವರಾಯನ ಕಾಲ. (ಆ ವರ್ಷದ ಪಾಸ್ಕ ಹಬ್ಬ ಮಾರ್ಚ್ 31ಕ್ಕೆ. ಮೆಗಲ್ಲನ್ ಫಿಲಿಪ್ಪೀನ್ಸಿನ ಸೆಬುವಿಗೆ ಬಂದಿಳಿದದ್ದು ಅದರ ಮುಂದಿನ ಭಾನುವಾರ, ಇದೇ ಏಪ್ರಿಲ್ 7ರಂದು.) ಶಾಸನದ ಕಾಲ ಅದಕ್ಕಿಂತ ಹಿಂದಿನದೆಂದು ವಾದಿಸಿದವರೂ ಇದ್ದಾರೆ. ಎಷ್ಟೇ ಹಿಂದಕ್ಕೆ ಒಯ್ದರೂ ಜನಮೇಜಯನವರೆಗೆ ಹೋಗುವುದಿಲ್ಲ.

ಇದನ್ನು ಓದಿ ಯಾರೂ ಆ ಕ್ಷೇತ್ರವನ್ನಾಗಲಿ ಮಠವನ್ನಾಗಲಿ ಹಗುರವಾಗಿ ಕಾಣಬಾರದು. ಇಂಥದ್ದು ನಮ್ಮಲ್ಲೂ ನಡೆದಿದೆ, ನಮ್ಮಲ್ಲಿಯೇ ಹೆಚ್ಚು ದೊಡ್ಡದಾಗಿ ನಡೆದಿದೆ.

ಧರ್ಮಸಭೆಯ ಅನುಭವ

ಚಕ್ರವರ್ತಿ ಕಾನ್‌ಸ್ಟಂಟೈನ್ ಸಂತ ಪೋಪ್ ಸಿಲ್ವೆಸ್ಟರ್‌ರಿಗೆ ರೋಮ್ ಮತ್ತು ಪಶ್ಚಿಮ ದೇಶಗಳ ಅಧಿಕಾರ ಬಿಟ್ಟುಕೊಟ್ಟನೆಂಬ ‘ದಾನಪತ್ರ’ವನ್ನು ಗುರುಮಠದಲ್ಲಿ ಧರ್ಮಸಭೆಯ ಇತಿಹಾಸ ಓದಿದ ಎಲ್ಲರೂ ಬಲ್ಲರು. ನಾಲ್ಕನೆಯ ಶತಮಾನದ್ದೆಂದು ಹೇಳಿಕೊಳ್ಳುವ ಆ ಪತ್ರ ಹುಟ್ಟಿದ್ದು ಎಂಟನೆಯ ಶತಮಾನದ ಸುಮಾರಿಗೆ. 1440ರಲ್ಲಿ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು ಅದು ಸುಳ್ಳೆಂದು ತೋರಿಸಿದರು. ಕಾನ್‌ಸ್ಟಂಟೈನನ ಕಾಲದ ರೋಮಿನಲ್ಲಿ ಯಾರೂ ಬಳಸದ ‘ಸತ್ರಪ’ ಎಂಬ ಪದವಿ ಅದರಲ್ಲಿದೆ. ಆ ಹೊತ್ತಿಗೆ ಇನ್ನೂ ಸ್ಥಾಪನೆಯೇ ಆಗಿರದ ಕಾನ್‌ಸ್ಟಂಟಿನೋಪಲ್ ಪಟ್ಟಣದ ಪೀಠದ ಮಾತೂ ಇದೆ. ಗೌಜ ಅಗ್ರಹಾರದ ನಾಗರಿ ಲಿಪಿಗೂ ಈ ‘ಸತ್ರಪ’ನಿಗೂ ಏನು ವ್ಯತ್ಯಾಸ? ವಲ್ಲಾ ಮುಂದೆ ಪೋಪರ ಕಚೇರಿಯಲ್ಲಿಯೇ ಕೆಲಸಕ್ಕೆ ಸೇರಿದರು ಎಂಬುದನ್ನೂ ಇಲ್ಲಿ ಹೇಳಬೇಕು.

ದಾಖಲೆ ಪರೀಕ್ಷೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವರೂ ಸನ್ಯಾಸಿಗಳೇ. 1675ರಲ್ಲಿ ಯೇಸುಸಭೆಯ ಗುರು ಡೇನಿಯಲ್ ಪಾಪೆಬ್ರೋಕ್, ಬೆನೆಡಿಕ್ಟೈನ್ ಮಠಗಳಲ್ಲಿದ್ದ ಅತಿ ಹಳೆಯ ರಾಜಪತ್ರಗಳ ಬಗ್ಗೆ ಬಲವಾದ ಅನುಮಾನ ಎತ್ತಿದರು. ಬೆನೆಡಿಕ್ಟೈನರಿಗೆ ನೋವಾಯಿತು. ಅವರ ಪೈಕಿ ಜಾನ್ ಮಬಿಲ್ಲೋನ್ ಎಂಬ ಗುರು ಸಿಟ್ಟಿನ ಉತ್ತರ ಬರೆಯುವ ಬದಲು ಆರು ವರ್ಷ ಮಠ ಮಠಗಳ ಪತ್ರಾಗಾರಗಳನ್ನು ಜಾಲಾಡಿ 1681ರಲ್ಲಿ ಒಂದು ದೊಡ್ಡ ಗ್ರಂಥ ಹೊರತಂದರು. ಚರ್ಮಪತ್ರ, ಶಾಯಿ, ಅಕ್ಷರ, ಮುದ್ರೆ, ಸಹಿ, ತಾರೀಕು, ಬರವಣಿಗೆಯ ಧಾಟಿ, ಇವನ್ನೆಲ್ಲ ಒಟ್ಟಿಗೆ ನೋಡಬೇಕು, ಒಂದೇ ಗುರುತು ಹಿಡಿದು ತೀರ್ಪು ಹೇಳಬಾರದು ಎಂಬುದು ಅವರ ಮಾತಿನ ಸಾರ. ಪಾಪೆಬ್ರೋಕ್ ಅದನ್ನು ಓದಿ, ಮಬಿಲ್ಲೋನ್ ಹೇಳಿದ್ದೇ ಸರಿ ಎಂದು ಅವರಿಗೇ ಪತ್ರ ಬರೆದರು. ಎರಡು ಸಭೆಗಳ ಜಗಳದಿಂದ ಇಷ್ಟು ಒಳ್ಳೆಯ ಫಲ ಬಂದದ್ದು ಅಪರೂಪ!

ನಮ್ಮ ನಾಡಿನಲ್ಲಿಯೂ ಇಂತಹುದೇ ನಡೆಯಿತು. ಬೆಂಗಳೂರಿನಲ್ಲಿ ಹುಟ್ಟಿದ, ಮಿಷನರಿಯೊಬ್ಬರ ಮಗ ರೈಸ್ ಗಂಗರ ತಾಮ್ರ ಶಾಸನಗಳನ್ನು ಬಹುಮಟ್ಟಿಗೆ ನಂಬಿದರು. ಫ್ಲೀಟ್ ಒಂದೊಂದನ್ನೂ ಹಿಡಿದು ಖೊಟ್ಟಿ ಎಂದರು. ಮಡಿಕೇರಿಯ ಖಜಾನೆಯಲ್ಲಿದ್ದ, ಗಂಗ ಅವಿನೀತನ ಹೆಸರಿನ ‘ಮರ್ಕೆರಾ’ ಶಾಸನದಲ್ಲಿ 388ನೆಯ ವರ್ಷ ಎಂದಿದೆ. ಅದನ್ನು ಶಕ ವರ್ಷವೆಂದು ಹಿಡಿದರೆ ಕ್ರಿ.ಶ. 466. ಆದರೆ ಅದರೊಳಗೆ ‘ಅಕಾಲವರ್ಷ’ ಎಂಬ ಬಿರುದು ಬರುತ್ತದೆ. ಅದು ಎಂಟನೆಯ ಶತಮಾನದಿಂದ ಮುಂದೆ ರಾಷ್ಟ್ರಕೂಟ ಅರಸರು ಇಟ್ಟುಕೊಂಡ ಬಿರುದು. ಇಷ್ಟು ನಿಷ್ಠುರವಾಗಿದ್ದ ಫ್ಲೀಟ್, ಪೆನುಕೊಂಡದ ಗಂಗ ತಾಮ್ರಪಟ ಬೆಳಕಿಗೆ ಬಂದಾಗ 1915ರಲ್ಲಿ ಅದನ್ನು ಅಸಲು ಎಂದು ಒಪ್ಪಿಕೊಂಡರು. ಅನುಮಾನಪಡುವವನ ಯೋಗ್ಯತೆ ಗೊತ್ತಾಗುವುದು ಅವನು ಒಪ್ಪಿಕೊಳ್ಳುವ ಸಂದರ್ಭದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಖೊಟ್ಟಿ ಶಾಸನಗಳಲ್ಲಿ ಹೆಚ್ಚಿನವು ತಾಮ್ರದವು, ಕಲ್ಲಿನವಲ್ಲ ಎಂಬುದನ್ನೂ ಗಮನಿಸಬೇಕು. ಕಲ್ಲು ಊರ ನಡುವೆ ಎಲ್ಲರ ಕಣ್ಣೆದುರು ನಿಲ್ಲುತ್ತದೆ. ತಾಮ್ರಪಟ ಮನೆಯೊಳಗೆ ಉಳಿದು, ಜಮೀನಿನ ವ್ಯಾಜ್ಯ ಬಂದಾಗ ಹೊರಗೆ ಬರುತ್ತದೆ. ಸುಳ್ಳು ರಾಜಶಾಸನ ಮಾಡಿದವನಿಗೆ ಮನುಸ್ಮೃತಿ ಮರಣದಂಡನೆ ಹೇಳಿರುವುದನ್ನು ನೋಡಿದರೆ ಆ ಕಾಲದಲ್ಲೂ ಈ ಕಸುಬು ನಡೆಯುತ್ತಿತ್ತೆಂದು ಊಹಿಸಬಹುದು. ಎಲ್ಲ ಖೊಟ್ಟಿಯೂ ದುರಾಸೆಯದಲ್ಲ. ಬೆಂಕಿಗೋ ದಾಳಿಗೋ ಮೂಲಪತ್ರ ಕಳೆದುಕೊಂಡವರು, ನಿಜವಾಗಿ ತಮ್ಮದೇ ಆದ ಭೂಮಿಗೆ ನೆನಪಿನಿಂದ ಹೊಸ ಪತ್ರ ಬರೆಸಿಕೊಂಡದ್ದೂ ಇದೆ. ಯೂರೋಪಿನ ಮಠಗಳಲ್ಲಿ ಇದು ಸಾಮಾನ್ಯವಾಗಿತ್ತು. ಪತ್ರ ಸುಳ್ಳು, ಹಕ್ಕು ನಿಜ! ತೀರ್ಪು ಕೊಡುವವರಿಗೆ ಇದಕ್ಕಿಂತ ಕಷ್ಟದ ಪ್ರಸಂಗ ಇನ್ನೊಂದಿಲ್ಲ.

ನಮ್ಮ ಕೈಗೆ ಬಂದ ಕಾಗದ

ತಾಮ್ರಪಟಕ್ಕೆ ಹಾಕಿದ ಪ್ರಶ್ನೆಯನ್ನೇ ಕಾಗದಕ್ಕೂ ಹಾಕಬೇಕು: ಆ ತಾರೀಕಿನಂದು ಇಲ್ಲದ ಯಾವುದಾದರೂ ಇದರಲ್ಲಿ ಇದೆಯೇ? ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯ ತಾಲೂಕುಗಳು. ಉಡುಪಿ ಜಿಲ್ಲೆಯೂ ಅದೇ ವರ್ಷದ್ದು. 1973ರ ನವೆಂಬರ್ 1ಕ್ಕೆ ಮೊದಲು ‘ಕರ್ನಾಟಕ ಸರ್ಕಾರ’ ಇಲ್ಲ, ಇದ್ದದ್ದು ಮೈಸೂರು ರಾಜ್ಯ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ ಹದಿನಾರು ಆಣೆ. ನೂರು ಪೈಸೆಯ ಲೆಕ್ಕ ಆಮೇಲಿನದು. ಶಿವಮೊಗ್ಗ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1988ರಲ್ಲಿ, ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ. ಬಾಲ್‌ಪೆನ್ ಪೇಟೆಗೆ ಬಂದದ್ದೇ 1940ರ ದಶಕದಲ್ಲಿ. ಹಾಗಾಗಿ 1930ರ ಚೀಟಿನಲ್ಲಿ ಬಾಲ್‌ಪೆನ್ ಸಹಿ ಇದ್ದರೆ ಕೇಳಲೇಬೇಕು. 2017ರಲ್ಲಿ ಪಾಕಿಸ್ತಾನದ ಒಂದು ದೊಡ್ಡ ಪ್ರಕರಣದಲ್ಲಿ, 2006ರ ತಾರೀಕಿನ ಪತ್ರ 2007ರಲ್ಲಿ ಸಾರ್ವಜನಿಕರ ಕೈಗೆ ಬಂದ ಕ್ಯಾಲಿಬ್ರಿ ಅಕ್ಷರದಲ್ಲಿತ್ತು ಎಂಬುದೇ ಅನುಮಾನಕ್ಕೆ ಕಾರಣವಾಯಿತು.

ಇಷ್ಟು ಹೇಳಿದ ಕೂಡಲೇ ಎಚ್ಚರಿಕೆಯನ್ನೂ ಹೇಳಬೇಕಾಗಿದೆ. 1975ರಲ್ಲಿ ಹರಿಹರದಲ್ಲಿ ದೀಕ್ಷಾಸ್ನಾನ ಪಡೆದವರ ಪ್ರಮಾಣಪತ್ರದಲ್ಲಿ ‘ದಾವಣಗೆರೆ ಜಿಲ್ಲೆ’ ಎಂದಿದ್ದರೆ ಅದು ನಕಲಿಯೇ? ಕಾಗದದ ಕೆಳಗೆ ನೋಡಿ. 2001ರಲ್ಲಿ ರಿಜಿಸ್ಟರ್ ನೋಡಿ ಬರೆದುಕೊಟ್ಟ ಪ್ರತಿಯಾಗಿದ್ದರೆ ಹೊಸ ಜಿಲ್ಲೆಯ ಹೆಸರು ಇರುವುದೇ ಸರಿ. ಘಟನೆ ನಡೆದ ತಾರೀಕು ಬೇರೆ, ಕಾಗದ ಕೊಟ್ಟ ತಾರೀಕು ಬೇರೆ. ಅದು ನಕಲು, ನಕಲಿಯಲ್ಲ. ತಾರೀಕು ತಪ್ಪಿದ್ದರೂ ಅಷ್ಟೇ: ದಣಿದ ಗುಮಾಸ್ತ ವಾರ ತಪ್ಪು ಬರೆಯಬಹುದು, ಜಾಣ ಮೋಸಗಾರ ಹಳೆಯ ಪಂಚಾಂಗ ನೋಡಿ ಸರಿಯಾಗಿಯೇ ಬರೆಯಬಹುದು. ಒಂದು ಹೆಸರಿನ ಕಾಗುಣಿತ ಬೇರೆಯಾಗಿದೆ ಎಂದು ಕುಟುಂಬವೊಂದನ್ನು ವರ್ಷಗಟ್ಟಲೆ ಅಲೆಸುವುದು ಪರೀಕ್ಷೆಯಲ್ಲ. ಪೋರ್ಚುಗೀಸ್ ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ನಮ್ಮ ರಿಜಿಸ್ಟರ್‌ಗಳಲ್ಲಿ ಒಬ್ಬರೇ ಮೂರು ರೀತಿ ಕಾಣಿಸಿಕೊಳ್ಳುತ್ತಾರೆ.

ಚರ್ಚಿನ ಪ್ರಮಾಣಪತ್ರಕ್ಕೆ ಒಂದು ದೊಡ್ಡ ಅನುಕೂಲವಿದೆ. ಅದರ ಹಿಂದೆ ರಿಜಿಸ್ಟರ್ ಇದೆ. ತ್ರೆಂತ್ ಮಹಾಸಭೆ 1563ರಲ್ಲಿ ಕಡ್ಡಾಯ ಮಾಡಿದ ಈ ಪದ್ಧತಿಯನ್ನು 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಮುಂದುವರಿಸಿದೆ: ರಿಜಿಸ್ಟರ್‌ಗಳನ್ನು ಸರಿಯಾಗಿ ಬರೆದಿಡಬೇಕು, ಧರ್ಮಕೇಂದ್ರಕ್ಕೆ ತನ್ನದೇ ಮುದ್ರೆ ಇರಬೇಕು, ದೃಢೀಕರಣ, ಮದುವೆ ಮೊದಲಾದವುಗಳನ್ನು ದೀಕ್ಷಾಸ್ನಾನದ ದಾಖಲೆಯಲ್ಲಿ ಟಿಪ್ಪಣಿ ಮಾಡಬೇಕು, ಹಳೆಯ ರಿಜಿಸ್ಟರ್‌ಗಳನ್ನು ಜಾಗ್ರತೆಯಿಂದ ಕಾಪಾಡಬೇಕು. ಸಂಶಯವಿದ್ದರೆ ಆ ಧರ್ಮಕೇಂದ್ರಕ್ಕೇ ಪತ್ರ ಬರೆದು ಕ್ರಮಸಂಖ್ಯೆ, ಪುಟ, ಅಂಚಿನ ಟಿಪ್ಪಣಿ ಕೇಳಿ. ತಂದವರ ಕೈಯಲ್ಲೇ ಪತ್ರ ಕೊಟ್ಟು ಕಳುಹಿಸಬೇಡಿ, ನೇರವಾಗಿ ಕಳುಹಿಸಿ. ವಿರುದ್ಧವಾಗಿ ಸ್ಪಷ್ಟ ಸಾಕ್ಷ್ಯ ಬರುವವರೆಗೆ ಸಾರ್ವಜನಿಕ ದಾಖಲೆಯ ಮುಖ್ಯ ಮಾತನ್ನು ನಂಬಬೇಕೆಂದು 1541ನೆಯ ವಿಧಿ ಹೇಳುತ್ತದೆ. ಅಂದರೆ ರುಜುವಾತಿನ ಭಾರ ‘ಇದು ನಕಲಿ’ ಎನ್ನುವವರ ಮೇಲೆ.

ಜಮೀನಿನ ಕಾಗದಕ್ಕೂ ಇದೇ ದಾರಿ. ಸಾಗುವಳಿ ಚೀಟಿ ಒಂಟಿಯಾಗಿ ಹುಟ್ಟುವುದಿಲ್ಲ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅದರ ಮಂಜೂರಾತಿ ಕಡತ, ವಿತರಣಾ ವಹಿ, ಆಮೇಲಿನ ಪಹಣಿ, ಸರ್ವೆ ದಾಖಲೆ ಇರಬೇಕು. ನೋಂದಣಿಯಾದ ಪತ್ರವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ಪ್ರತಿ ಇರುತ್ತದೆ. ಇವೆಲ್ಲದರಲ್ಲೂ ಇಲ್ಲದೆ ಕೈಯಲ್ಲಿರುವ ಹಾಳೆಯಲ್ಲಿ ಮಾತ್ರ ಇರುವ ಜಮೀನು ಸಂಶಯಾಸ್ಪದ. ಛಾಪಾ ಕಾಗದ ಮಾತ್ರ ನೋಡಿ ತೀರ್ಮಾನಿಸಲೂ ಆಗದು. ಖಾನಾಪುರದ ತೆಲಗಿಯ ಹಗರಣದ ಕಾಲದಲ್ಲಿ ಪ್ರಾಮಾಣಿಕರು ಪ್ರಾಮಾಣಿಕ ವ್ಯವಹಾರಕ್ಕಾಗಿ ಕೊಂಡ ಛಾಪಾ ಕಾಗದವೇ ಖೊಟ್ಟಿಯಾಗಿರುವ ಸಾಧ್ಯತೆ ಇತ್ತಲ್ಲ!

ನ್ಯಾಯಾಲಯವೂ ಕಾಗದದ ವಯಸ್ಸನ್ನು ಗೌರವಿಸುತ್ತದೆ. ಹಳೆಯ ಸಾಕ್ಷ್ಯ ಅಧಿನಿಯಮದ 90ನೆಯ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 92ನೆಯ ಕಲಂ, ಎರಡೂ ಹೇಳುವುದಿಷ್ಟು: ಮೂವತ್ತು ವರ್ಷ ಹಳೆಯದಾದ ಪತ್ರ ಸೂಕ್ತ ವಶದಿಂದ ಬಂದಿದ್ದರೆ ಅದರ ಸಹಿ, ಕೈಬರಹ ನಿಜವೆಂದು ನ್ಯಾಯಾಲಯ ಭಾವಿಸಬಹುದು. ‘ಭಾವಿಸಬಹುದು’ ಅಷ್ಟೇ, ಭಾವಿಸಲೇಬೇಕೆಂದಿಲ್ಲ. ಒಳಗೆ ಬರೆದದ್ದೆಲ್ಲ ಸತ್ಯ ಎಂದೂ ಅರ್ಥವಲ್ಲ. ಮುಖ್ಯವಾದ ಮಾತು ‘ಸೂಕ್ತ ವಶ’. ಚರ್ಚಿನ ಜಮೀನಿನ ಪತ್ರ ಚರ್ಚಿನ ಕಪಾಟಿನಲ್ಲಿ ಸಿಕ್ಕಿದರೆ ಸಹಜ, ದಲ್ಲಾಳಿಯ ಚೀಲದಲ್ಲಿ ಸಿಕ್ಕಿದರೆ ಪ್ರಶ್ನೆ ಏಳುತ್ತದೆ.

ಆದ್ದರಿಂದ ಧರ್ಮಕೇಂದ್ರದ ಕಾರ್ಯದರ್ಶಿಗಳಲ್ಲೂ ಗುರ್ಕಾರರಲ್ಲೂ ನಮ್ಮ ವಿನಂತಿ ಇಷ್ಟು. ಹಳೆಯ ಕಾಗದವನ್ನು ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಮಾಸಿದ ಅಕ್ಷರದ ಮೇಲೆ ಪೆನ್ನು ಆಡಿಸಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಉಪಚಾರವೇ ಕಾಗದ, ಶಾಯಿ, ಮುದ್ರೆಯ ಗುರುತುಗಳನ್ನು ಕೆಡಿಸಿ, ತಜ್ಞರಿಗೆ ನೋಡಲು ಏನೂ ಉಳಿಯದಂತೆ ಮಾಡುತ್ತದೆ. ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಹಿಂಬದಿಯ ಸಣ್ಣ ಸೀಲು, ಪೆನ್ಸಿಲಿನ ಸಂಖ್ಯೆ ಕೆಲವೊಮ್ಮೆ ಮುಂಬದಿಗಿಂತ ಹೆಚ್ಚು ಹೇಳುತ್ತದೆ. ಮೂಲವನ್ನು ಸ್ವಚ್ಛ ಲಕೋಟೆಯಲ್ಲಿ ಇಟ್ಟು, ಕಾಗದದ ಮೇಲಲ್ಲ, ಲಕೋಟೆಯ ಮೇಲೆ ಬರೆಯಿರಿ: ಇದು ಯಾರ ಮನೆಯಲ್ಲಿ, ಯಾವ ಪೆಟ್ಟಿಗೆಯಲ್ಲಿ, ಯಾವ ದಿನ ಸಿಕ್ಕಿತು, ಯಾರು ತಂದುಕೊಟ್ಟರು, ಯಾರು ಪಡೆದುಕೊಂಡರು.